ಕಟಕಟೆಯಲ್ಲಿ ಮಾತಿಲ್ಲದವಳು

ಕೋರ್ಟಿನ ಕಥೆ ಎಂದರೆ ನಮಗೆ ವಕೀಲರ ಮಾತು. ಟಿ.ಎನ್. ಸೀತಾರಾಂ ಅವರ ಧಾರಾವಾಹಿಯ ವಕೀಲ ಸಿಎಸ್‌ಪಿ ಪಾಟೀಸವಾಲಿಗೆ ನಿಂತರೆ, ಒಲೆಯ ಮೇಲೆ ಹಾಲು ಉಕ್ಕಿದರೂ ನಮ್ಮ ಮನೆಯಲ್ಲಿ ಯಾರೂ ಏಳುತ್ತಿರಲಿಲ್ಲ. ಆ ಮಾತಿನ ರುಚಿ ಹತ್ತಿದ ನನಗೆ ನಟನೆಯ ಇನ್ನೊಂದು ಅಳತೆಗೋಲು ಕೊಟ್ಟದ್ದು ‘ಕ್ರಿಮಿನಲ್ ಜಸ್ಟಿಸ್: ಬಿಹೈಂಡ್ ಕ್ಲೋಸ್ಡ್ ಡೋರ್ಸ್’. 2020ರ ಡಿಸೆಂಬರ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಬಂದ, ಎಂಟು ಕಂತುಗಳ ಹಿಂದಿ ಸರಣಿ. ಇದರಲ್ಲಿ ಆರೋಪಿ ಬಾಯಿಯೇ ಬಿಡುವುದಿಲ್ಲ.

ಅನು ಚಂದ್ರ ಮುಂಬೈನ ಹೆಸರಾಂತ ವಕೀಲನ ಹೆಂಡತಿ. ಒಂದು ರಾತ್ರಿ ಮಲಗುವ ಕೋಣೆಯಲ್ಲೇ ಗಂಡನಿಗೆ ಚಾಕು ಹಾಕುತ್ತಾಳೆ. ಯಾಕೆ ಎಂದು ಪೊಲೀಸರು ಕೇಳುತ್ತಾರೆ, ವಕೀಲರು ಕೇಳುತ್ತಾರೆ. ಉತ್ತರವಿಲ್ಲ. ಕೀರ್ತಿ ಕುಲ್ಹಾರಿ ಈ ಪಾತ್ರವನ್ನು ಹೊತ್ತ ರೀತಿ ನೋಡಬೇಕು. ಆಕೆ ಎಲ್ಲೂ ಕಣ್ಣೀರಿನಿಂದ ನಮ್ಮ ಕರುಣೆ ಕೇಳುವುದಿಲ್ಲ. ಕೇಳಿದ ಪ್ರಶ್ನೆ ಇನ್ನೆಲ್ಲೋ, ಇನ್ಯಾರಿಗೋ ಕೇಳಿದ್ದೆಂಬಂತೆ ತಡವಾಗಿ ಕಣ್ಣೆತ್ತುತ್ತಾರೆ. ಉತ್ತರ ಗಂಟಲವರೆಗೆ ಬಂದು ಹಿಂದಿರುಗಿದ್ದು ನಮಗೆ ಗೊತ್ತಾಗುತ್ತದೆ.

ಇದೇ ನಟಿ ‘ಪಿಂಕ್’ (2016) ಚಿತ್ರದ ಫಲಕ್ ಆಗಿ ಕೋರ್ಟಿನಲ್ಲಿ ನಿಂತಿದ್ದರು. ಪಿಯೂಷ್ ಮಿಶ್ರಾ ಅವರ ವಕೀಲ ಕೆಣಕಿ ಕೆಣಕಿ ಕೇಳಿದಾಗ, ಹೌದು, ದುಡ್ಡು ತಗೊಂಡೆವು ಎಂದು ಚೀರಿ ಕುಸಿದಿದ್ದರು. ಅಲ್ಲಿ ಕಟ್ಟೆ ಒಡೆದ ನೀರು, ಇಲ್ಲಿ ಹೆಪ್ಪುಗಟ್ಟಿದ ನೀರು. ಎರಡನೆಯದು ಬಹಳ ಕಷ್ಟದ್ದು. ಕಂತಿನಿಂದ ಕಂತಿಗೆ ಮೌನದ ತೂಕ ಏರುತ್ತಾ ಹೋಗಬೇಕು, ಆಸರೆಗೆ ಮಾತಿನ ಊರುಗೋಲೂ ಇಲ್ಲ.

ಗಂಡನ ಬಲಾತ್ಕಾರದ ಬಗೆಗಿನ ಈ ಮೌನ ನಂಬುವಂತಿರುವುದಕ್ಕೆ ಕಾನೂನೂ ಒಂದು ಕಾರಣ. ವಯಸ್ಕ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಭಾರತೀಯ ದಂಡ ಸಂಹಿತೆಯ 375ನೇ ಸೆಕ್ಷನ್ ಅತ್ಯಾಚಾರದ ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ವಿನಾಯಿತಿಯನ್ನು ಉಳಿಸಿಕೊಂಡಿದೆ. ತನಗಾದದ್ದಕ್ಕೆ ಹೆಸರೇ ಇಲ್ಲವೆಂದರೆ ಹೆಣ್ಣು ಏನೆಂದು ದೂರು ಕೊಡಬೇಕು? ಕೀರ್ತಿಯ ಮುಖದಲ್ಲಿ ಕಾಣುವುದು ಈ ಇಕ್ಕಟ್ಟು.

ಅನುವಿನ ಪರ ನಿಂತ, ಪಂಕಜ್ ತ್ರಿಪಾಠಿ ಅವರ ಮಾಧವ್ ಮಿಶ್ರಾ ಎಲ್ಲರ ಮೆಚ್ಚಿನ ವಕೀಲ. ಎಳೆದು ನಿಲ್ಲಿಸಿ ಆಡುವ ಅವರ ಮಾತಿನ ಧಾಟಿ ಕೆಲವೆಡೆ ಬರೀ ಅಭ್ಯಾಸಬಲ ಎನ್ನಿಸಿತು. ಅವರ ನಿಜವಾದ ಕಸುಬು ಇರುವುದು ಜೈಲಿನ ಭೇಟಿಗಳಲ್ಲಿ. ಉತ್ತರ ಬಾರದಿದ್ದರೂ ಅವಸರಪಡದೆ, ಕುರ್ಚಿಯಲ್ಲಿ ತುಸು ಮುಂದೆ ಬಾಗಿ ಕಾಯುತ್ತಾರೆ. ಅದೇ ಮನುಷ್ಯ ಮನೆಯಲ್ಲಿ ಹೊಸ ಹೆಂಡತಿ ರತ್ನಾಳ ಮಾತಿಗೆ ಕಿವಿಗೊಡುವುದಿಲ್ಲ. ಖುಷ್ಬೂ ಅತ್ರೆ ಆ ಸಣ್ಣ ಪಾತ್ರದಲ್ಲಿ ಗಂಡನನ್ನು ಬಯ್ಯದೆಯೇ ತಿದ್ದುತ್ತಾರೆ. ನನಗೆ ಬಹಳ ಹಿಡಿಸಿತು.

ಸರ್ಕಾರಿ ವಕೀಲನಾಗಿ ಆಶಿಷ್ ವಿದ್ಯಾರ್ಥಿ ನಿರಾಸೆ ಮಾಡಿದರು. ‘ದ್ರೋಹಕಾಲ್’ಗೆ ರಾಷ್ಟ್ರಪ್ರಶಸ್ತಿ ಪಡೆದ, ‘ಕೋಟಿಗೊಬ್ಬ’ದಿಂದ ನಮಗೂ ಪರಿಚಿತರಾದ ದೊಡ್ಡ ನಟ ಅವರು. ಆದರೆ ಇಲ್ಲಿ ನ್ಯಾಯಾಧೀಶರನ್ನು ಬಿಟ್ಟು ಗ್ಯಾಲರಿಗೆ ವಾದ ಮಂಡಿಸುತ್ತಾರೆ. ದನಿ ಒಂದೇ ಎತ್ತರದಲ್ಲಿದೆ, ಕೈಬೀಸು ಹಳೆಯ ಸಿನಿಮಾದ್ದು. ಸಂಸ್ಕೃತಿಯ ಭಾಷಣ ಬರೆದುಕೊಟ್ಟವರ ತಪ್ಪೂ ಇದೆ. ಆದರೂ ಎದುರಾಳಿ ಇಷ್ಟು ಸುಲಭಕ್ಕೆ ಖಳನಾಗಿಬಿಟ್ಟರೆ ವ್ಯಾಜ್ಯಕ್ಕೆ ಕಾವು ಎಲ್ಲಿಂದ ಬರಬೇಕು?

ಒಂದು ಕಂತನ್ನು ಟಿವಿಯ ದನಿ ಪೂರ್ತಿ ತಗ್ಗಿಸಿ ಮತ್ತೆ ನೋಡಿದೆ. ಸರ್ಕಾರಿ ವಕೀಲರಲ್ಲಿ ಬರೀ ಕೈ ಕಂಡವು. ಉಳಿದವರು ಇಬ್ಬರು: ಕೀರ್ತಿ, ಮತ್ತು ಸತ್ತವನ ತಾಯಿಯಾಗಿ ದೀಪ್ತಿ ನವಲ್. ಮಗನನ್ನು ಕಳೆದುಕೊಂಡ ಸಿಟ್ಟು, ಮಗನ ಬಗ್ಗೆ ಮೂಡಿದ ಅನುಮಾನ ಎರಡೂ ಆ ವಯಸ್ಸಾದ ಕಣ್ಣುಗಳಲ್ಲಿ ಒಟ್ಟಿಗೇ ಇದ್ದವು.

ಕೊನೆಗೆ ಅನು ಬಾಯಿ ಬಿಟ್ಟಾಗ ಕೀರ್ತಿ ದನಿ ಏರಿಸುವುದಿಲ್ಲ. ಏಳು ಕಂತು ಕಾದದ್ದು ಸಾರ್ಥಕವಾಯಿತು. ಆ ಕಂತನ್ನು ಮೊಬೈಲ್‌ನಲ್ಲಿ ಒಬ್ಬೊಬ್ಬರೇ ನೋಡಬೇಡಿ. ಗಂಡ ಹೆಂಡತಿ ಜೊತೆಗೆ ಕೂತು ನೋಡಿ.