ನಿತ್ಯೋತ್ಸವದ ಮೂರನೆಯ ಚರಣ

ಮುಲುಂದದಲ್ಲಿರುವ ಸ್ನೇಹಿತರೊಬ್ಬರ ಮನೆಯಲ್ಲಿ ಕಳೆದ ತಿಂಗಳ ಒಂದು ಭಾನುವಾರ ನಾವು ಎಂಟು ಮಂದಿ ಸೇರಿದ್ದೆವು. ಮನೆಯ ಯಜಮಾನರು ಬ್ಯಾಂಕಿನಿಂದ ನಿವೃತ್ತರು. ಅವರ ಕಪಾಟಿನಲ್ಲಿ ಇನ್ನೂರಕ್ಕೂ ಮಿಕ್ಕಿ ಕ್ಯಾಸೆಟ್ಟುಗಳಿವೆ. ಅವನ್ನು ನುಡಿಸುವ ಯಂತ್ರವೂ ಇನ್ನೂ ಜೀವ ಹಿಡಿದುಕೊಂಡಿದೆ. ಅಂದಿನ ಆಟದ ನಿಯಮ ಸರಳವಾಗಿತ್ತು: ಒಂದು ಕ್ಯಾಸೆಟ್ಟು, ಒಬ್ಬೊಬ್ಬರಿಗೆ ಒಂದೊಂದು ಹಾಡು. ತಮಗೆ ಪ್ರಿಯವಾದ ಹಾಡನ್ನು ಹೆಸರಿಸಿ, ಏಕೆ ಪ್ರಿಯ ಎಂಬುದನ್ನು ಐದು ನಿಮಿಷದಲ್ಲಿ ಹೇಳಬೇಕು. ಆಮೇಲೆ ಎಲ್ಲರೂ ಸೇರಿ ಕೇಳಬೇಕು. ಆರಿಸಿಕೊಂಡ ಕ್ಯಾಸೆಟ್ಟು, ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’.

ಓದುಗರಲ್ಲಿ ಚಿಕ್ಕವರಿಗಾಗಿ ಎರಡು ಮಾತು. ‘ನಿತ್ಯೋತ್ಸವ’ ಕ್ಯಾಸೆಟ್ಟು ಹೊರಬಂದದ್ದು 1978ರಲ್ಲಿ. ಕನ್ನಡದ ಭಾವಗೀತೆಗಳ ಮೊದಲ ಕ್ಯಾಸೆಟ್ಟೆಂದು ಅದನ್ನು ಎಣಿಸುತ್ತಾರೆ. ಕವಿತೆಯನ್ನು ಹಾಡುವುದು ಆಗ ಹೊಸದೇನೂ ಆಗಿರಲಿಲ್ಲ, ಪಿ. ಕಾಳಿಂಗರಾಯರು ಮೋಹನಕುಮಾರಿ, ಸೋಹನಕುಮಾರಿಯರೊಡನೆ ಊರೂರು ತಿರುಗಿ ಹೊಸಗನ್ನಡದ ಕವಿಗಳನ್ನು ಜನರ ಬಾಯಿಗೆ ಹತ್ತಿಸಿದ್ದರು. ಆದರೆ ಅವರ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮೈಗೆ ಹಿಡಿಸುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಕ್ಯಾಸೆಟ್ಟಿನ ಲೆಕ್ಕವೇ ಬೇರೆ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವ ಸುಮಾರು 86 ಮೀಟರ್ ಪಟ್ಟಿ, ಮಗ್ಗುಲಿಗೆ ಅರ್ಧ ಗಂಟೆ. ಒಬ್ಬನೇ ಕವಿಯನ್ನು ಹಲವು ಮುಖಗಳಲ್ಲಿ ಒಂದೇ ಕೂತಿನಲ್ಲಿ ಕೇಳುವುದು ಇದರಿಂದ ಸಾಧ್ಯವಾಯಿತು. ಆದ್ದರಿಂದ ‘ನಿತ್ಯೋತ್ಸವ’ವನ್ನು ಹಾಡುಗಳ ಕಟ್ಟು ಎನ್ನುವುದಕ್ಕಿಂತ ಕೇಳುವ ಕವನ ಸಂಕಲನ ಎನ್ನುವುದು ಸರಿ. ಕವಿ, ಗಾಯಕ ಇಬ್ಬರೂ 1936ರಲ್ಲಿ ಹುಟ್ಟಿದವರು. ಅನಂತಸ್ವಾಮಿಯವರು 1995ರಲ್ಲಿ, ನಿಸಾರರು 2020ರಲ್ಲಿ ನಮ್ಮನ್ನು ಅಗಲಿದರು.

ಇನ್ನು ಅಂದಿನ ಫಲಿತಾಂಶ. ಎಂಟರಲ್ಲಿ ಐದು ಮತ ಶೀರ್ಷಿಕೆಯ ಹಾಡಿಗೇ ಬಿದ್ದವು. ಬೆಣ್ಣೆ ಕದ್ದ ಕೃಷ್ಣನ ಹಾಡಿಗೆ ಒಂದು, ಸಂಜೆಯ ಬೇಸರದ ಹಾಡಿಗೆ ಒಂದು, ಉಳಿದ ಒಂದು ಕುರಿಗಳ ಹಾಡಿಗೆ. ಆ ಕೊನೆಯ ಮತ ನಮ್ಮದು.

ಐದು ಮಂದಿ ಕೊಟ್ಟ ಕಾರಣಗಳನ್ನು ನಾವು ಒಂದು ಚೀಟಿಯ ಹಿಂದೆ ಗುರುತು ಹಾಕಿಕೊಂಡೆವು. ಒಬ್ಬರು ಹೈಸ್ಕೂಲಿನಲ್ಲಿದ್ದಾಗ ಪ್ರವಾಸ ಹೋಗಿ ಜೋಗ ನೋಡಿದ್ದರು. ಒಬ್ಬರ ತವರು ತೀರ್ಥಹಳ್ಳಿ. ತುಂಗೆಯ ಹೆಸರು ಬಂದರೆ ಸಾಕು ಅವರ ಕಣ್ಣು ತುಂಬುತ್ತದೆ. ಒಬ್ಬರು ಪ್ರತಿ ನವೆಂಬರಿನಲ್ಲಿ ಸಂಘದ ವೇದಿಕೆಯ ಮೇಲೆ ಅದನ್ನು ಹಾಡುತ್ತ ಬಂದವರು. ಇನ್ನಿಬ್ಬರು, “ಅದನ್ನ ಬಿಟ್ಟು ಬೇರೆ ಯಾವುದನ್ನ ಹೇಳೋದು ಸ್ವಾಮಿ?” ಎಂದು ನಕ್ಕರು. ಐವರ ಮಾತೂ ಹೃದಯದಿಂದ ಬಂದವೇ. ಆದರೆ ಐವರಲ್ಲಿ ಒಬ್ಬರಾದರೂ ಹಾಡಿನ ಮಾತನ್ನು ಎತ್ತಲಿಲ್ಲ. ಎಲ್ಲರೂ ಊರಿನ ಮಾತನ್ನೇ ಆಡಿದರು. ಊರು ಬಿಟ್ಟವರಿಗೆ ಹಾಡು ಊರಿನ ಟಿಕೇಟಾಗುವುದು ಸಹಜ. ಆದರೆ ಗಾಡಿ ಎಲ್ಲಿಗೆ ಹೋಗುತ್ತದೆಂದು ನೋಡದೆ ಟಿಕೇಟನ್ನು ಮಾತ್ರ ಎದೆಗೊತ್ತಿಕೊಂಡು ಕುಳಿತರೆ ಹೇಗೆ ಎಂಬುದು ನಮ್ಮ ಪ್ರಶ್ನೆ.

ಆದಕಾರಣ ಹಾಡನ್ನೇ ಸ್ವಲ್ಪ ನೋಡೋಣ. ಅದಕ್ಕೆ ಮೂರು ಚರಣ. ಮೊದಲನೆಯದರಲ್ಲಿ ನಾಡಿನ ನೀರು, ಬೆಟ್ಟ, ಕಾಡು. ಎರಡನೆಯದರಲ್ಲಿ ಚರಿತ್ರೆ, ಓಲೆಗರಿ, ದೇಗುಲದ ಗೋಡೆ. ಈ ಎರಡು ಚರಣಗಳಲ್ಲಿ ಕವಿ ಸಾಲಿನ ಮೇಲೆ ಸಾಲಾಗಿ ಸಪ್ತಮಿ ವಿಭಕ್ತಿಯನ್ನೇ ಪೇರಿಸುತ್ತಾರೆ. ಇಲ್ಲಿ, ಅಲ್ಲಿ, ಇದರಲ್ಲಿ, ಅದರಲ್ಲಿ ಎನ್ನುತ್ತಾರೆಯೇ ಹೊರತು ಏನು ನಡೆಯುತ್ತಿದೆ ಎಂಬುದನ್ನು ಹೇಳುವುದಿಲ್ಲ. ಆ ಅರೆವಾಕ್ಯವನ್ನು ಪೂರ್ತಿ ಮಾಡುವುದು ಪಲ್ಲವಿ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಪಲ್ಲವಿ ಬಂದಾಗ ಸಭೆಯಲ್ಲಿರುವವರ ಬಾಯೆಲ್ಲ ತಾನಾಗಿ ತೆರೆಯುತ್ತದೆ. ಅನಂತಸ್ವಾಮಿಯವರು ಈ ವ್ಯಾಕರಣವನ್ನು ಕಿವಿಯಲ್ಲೇ ಹಿಡಿದರು. ಚರಣಗಳಲ್ಲಿ ಅಲಂಕಾರಕ್ಕೆ ನಿಲ್ಲದೆ ಅಕ್ಷರ ಅಕ್ಷರವನ್ನೂ ಸ್ಪಷ್ಟವಾಗಿ ಇಟ್ಟು ಪಲ್ಲವಿಗೆ ದಾರಿ ಬಿಟ್ಟರು.

ಇಲ್ಲಿ ಹಾರ್ಮೋನಿಯಮ್ಮಿನ ಮಾತು ಬರುತ್ತದೆ. 1842ರಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೇನ್ ಪೇಟೆಂಟು ಪಡೆದ ಈ ವಾದ್ಯವನ್ನು ನಮ್ಮ ಆಕಾಶವಾಣಿ 1940ರಲ್ಲಿ ಹೊರಗೆ ಹಾಕಿತು. ನಿರ್ಬಂಧ ಸಡಿಲವಾದದ್ದು 1971ರಲ್ಲಿ. ಕಾರಣ ನಿಜವಾದದ್ದೇ. ಷಡ್ಜದ ಕಂಪನಸಂಖ್ಯೆಯನ್ನು 1 ಎಂದಿಟ್ಟುಕೊಂಡರೆ ಶುದ್ಧವಾಗಿ ಕೂಡುವ ಅಂತರ ಗಾಂಧಾರ 1.25 ಆಗಬೇಕು, ಸಮ ಅಂತರದ ಪಟ್ಟಿಯಲ್ಲಿ ಅದು 1.26ರ ಹತ್ತಿರ ಬರುತ್ತದೆ. ಮೇಲಾಗಿ ಒಂದು ಮನೆಯಿಂದ ಇನ್ನೊಂದಕ್ಕೆ ಜಾರಲು ಬಾರದು. ರಾಗ ಬದುಕುವುದೇ ಮನೆ ಮನೆಗಳ ನಡುವಣ ಜಾಗದಲ್ಲಿ. ಅದಕ್ಕೆ ಇದು ಪೀಡೆಯೇ ಸರಿ. ಆದರೆ ಭಾವಗೀತೆ ಬದುಕುವುದು ಅಕ್ಷರದ ಮೇಲೆ. ಹಾರ್ಮೋನಿಯಮ್ಮನ್ನು ಮುಂದಿಟ್ಟುಕೊಂಡು ತಾವೇ ರಾಗ ಕಟ್ಟಿ ತಾವೇ ಹಾಡುವವರ ಪರಂಪರೆ ಕನ್ನಡದಲ್ಲಿ ಬೆಳೆದದ್ದು ಆಕಸ್ಮಿಕವಲ್ಲ. ಒಂದಕ್ಷರಕ್ಕೆ ಒಂದು ಮನೆ ಒತ್ತುವ ಶಿಸ್ತು ಮಾತನ್ನು ಕಾಯುತ್ತದೆ. ಈಚೆಗೆ ಸಮಾರಂಭಗಳಲ್ಲಿ ಕೀಬೋರ್ಡು, ತಾಳದ ಯಂತ್ರಗಳ ಅಬ್ಬರದ ನಡುವೆ ಇದೇ ಹಾಡನ್ನು ಕೇಳಿದವರಿಗೆ ವ್ಯತ್ಯಾಸ ತಿಳಿದೀತು: ಪಲ್ಲವಿ ಕೇಳಿಸುತ್ತದೆ, ಚರಣ ಮುಳುಗುತ್ತದೆ.

ಉಳಿದ ಮೂರು ಮತಗಳ ವಿಷಯ. ಕೃಷ್ಣನ ಹಾಡನ್ನು ಆರಿಸಿದವರು ಧಾರವಾಡದ ಕಡೆಯವರು. “ನಮ್ಮ ಶರೀಫರ ನಾಡಿನವ್ರಿಗೆ ಇದ್ರಾಗ ಆಶ್ಚರ್ಯ ಏನದರೀ? ಕೂಸು ಬೆಣ್ಣಿ ಕದ್ದರ ನೋಡಿದವರೆಲ್ಲ ತಾಯಿ ಆಗ್ತಾರ,” ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಐದು ನಿಮಿಷದಲ್ಲಿ ನಾಲ್ಕೂವರೆ ನಿಮಿಷ ಉಳಿಸಿದ ಅವರಿಗೆ ನಮ್ಮ ನಮಸ್ಕಾರ. ಸಂಜೆಯ ಹಾಡನ್ನು ಆರಿಸಿದವರು ಮಂಗಳೂರಿನ ಕಡೆಯ ಗೃಹಿಣಿ. “ಏಳು ಗಂಟೆಗೆ ದೀಪ ಹಚ್ಚಿ ಕೂತರೆ ಮನೆಯಲ್ಲಿ ಒಂದು ಜನ ಇರುವುದಿಲ್ಲ ಮಾರಾಯ್ರೆ, ಎಲ್ಲ ರೈಲಿನಲ್ಲಿ. ಆಗ ಈ ಹಾಡು ಹಾಕುವುದು,” ಎಂದರು. ಇಡೀ ದಿನದಲ್ಲಿ ಕೇಳಿದ ಉತ್ತಮ ವಿಮರ್ಶೆ ಇದೇ ಎಂದು ನಮಗೆ ತೋರಿತು. ದಿನವೂ ಬರುವ ಅದೇ ಸಂಜೆ, ಅದೇ ಒಂಟಿತನ ಎಂಬುದೇ ಆ ಕವಿತೆಯ ವಸ್ತು. ಆಕೆ ಅದನ್ನು ಲೋಕಲ್ ಗಾಡಿಯ ವೇಳಾಪಟ್ಟಿಗೆ ಹೊಂದಿಸಿ ತೋರಿಸಿದರು.

ನಮ್ಮ ಸರದಿ ಬಂದಾಗ ನಾವು ‘ಕುರಿಗಳು ಸಾರ್ ಕುರಿಗಳು’ ಎಂದೆವು. ಕೂಡಲೇ ಆಕ್ಷೇಪಣೆ ಬಂತು, ಅದು ಹಾಡಲ್ಲ, ತಾಳ ಹಾಕಿದ ಗದ್ಯ ಎಂದು. ಇರಬಹುದು. ಆದರೆ ಆ ಶೀರ್ಷಿಕೆಯ ನಡುವೆ ಕೂತಿರುವ ‘ಸಾರ್’ ಎಂಬ ಪದವನ್ನು ಗಮನಿಸಬೇಕು. ಜನರನ್ನು ಕುರಿಗಳೆಂದು ಹಳಿಯುವವನು ಸಾಮಾನ್ಯವಾಗಿ ಮೇಲೆ ನಿಂತು ಹಳಿಯುತ್ತಾನೆ. ಇಲ್ಲಿ ಹೇಳುವವನು ‘ಸಾರ್’ ಎನ್ನುತ್ತಿದ್ದಾನೆ. ಎಂದ ಮೇಲೆ ಅವನೂ ಯಾರಿಗೋ ತಲೆ ಬಾಗಿಸಿಯೇ ಮಾತಾಡುತ್ತಿದ್ದಾನೆ, ಅವನೂ ಹಿಂಡಿನೊಳಗಿನವನೇ. ಇಪ್ಪತ್ತು ವರ್ಷದಿಂದ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಗಿರಿ ಮಾಡಿ, ದಿನಕ್ಕೆ ನೂರು ಸಲ ‘ಸಾರ್’ ಎಂದು, ಬೆಳಿಗ್ಗೆ ಒಂಬತ್ತರ ಗಾಡಿಯಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಒತ್ತಿಕೊಂಡು ಹೋಗುವ ನಮಗೆ ಈ ಹಾಡು ಗದ್ಯವೋ ಪದ್ಯವೋ ಎಂಬ ಚಿಂತೆ ಹುಟ್ಟುವುದಿಲ್ಲ. ನಾಡನ್ನು ಕೊಂಡಾಡಿದ ಕವಿಯೇ ನಾಡಿನವರನ್ನು ಹೀಗೂ ನೋಡಿದರು. ಒಂದೇ ಕ್ಯಾಸೆಟ್ಟಿನಲ್ಲಿ ಎರಡೂ ಇವೆ. ಒಂದನ್ನು ಮಾತ್ರ ಹಿಡಿದುಕೊಂಡರೆ ಕವಿಯನ್ನು ಅರ್ಧ ಕೇಳಿದಂತೆ.

ಇಷ್ಟು ಹೇಳಿ ನಾವು ಗೆದ್ದವರಂತೆ ಕುಳಿತುಕೊಂಡೆವು. ಆದರೆ ಅಂದು ರಾತ್ರಿ ಮನೆಗೆ ಬಂದ ಮೇಲೆ ನಮ್ಮದೇ ತಪ್ಪೊಂದು ನಮಗೆ ಎದುರಾಯಿತು. ಓದುಗರ ಮುಂದೆ ಅದನ್ನು ಒಪ್ಪಿಕೊಳ್ಳದೆ ಇತರರ ಆಯ್ಕೆಯನ್ನು ಜರೆಯುವುದು ನ್ಯಾಯವಲ್ಲ.

ನಮ್ಮ ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲು ಬಾರದು. ಎರಡು ವರ್ಷದ ಹಿಂದೆ ಭಾವಗೀತೆ ಸ್ಪರ್ಧೆಯೊಂದಕ್ಕೆ ಇದೇ ‘ನಿತ್ಯೋತ್ಸವ’ ಗೀತೆಯನ್ನು ಅವಳಿಗೆ ನಾಗರಿ ಲಿಪಿಯಲ್ಲಿ ಬರೆದುಕೊಟ್ಟವರು ನಾವೇ. ಸಮಯ ಮೂರು ನಿಮಿಷ. ಆರಂಭದಲ್ಲಿ ಕೀಬೋರ್ಡು, ನಡುನಡುವೆ ಪಲ್ಲವಿಯ ಎರಡೆರಡು ಸಲದ ಪುನರಾವರ್ತನೆ ಎಲ್ಲ ಸೇರಿ ಹಾಡು ನಾಲ್ಕು ನಿಮಿಷ ದಾಟಿತು. ಏನು ಮಾಡುವುದು? ಮೂರನೆಯ ಚರಣಕ್ಕೆ ಅಡ್ಡಗೆರೆ ಎಳೆದೆವು. ಮಗಳಿಗೆ ಸಮಾಧಾನಕರ ಬಹುಮಾನ ಬಂತು. ನಾವೂ ನಮ್ಮ ಮನೆಯವರೂ ಸಂತೋಷಪಟ್ಟೆವು.

ಆ ರಾತ್ರಿ ಪುಸ್ತಕ ತೆಗೆದು ನಾವು ಗೆರೆ ಎಳೆದ ಚರಣವನ್ನು ಓದಿದೆವು. ಅಲ್ಲಿ ಸಪ್ತಮಿ ನಿಂತುಹೋಗಿ ಸಂಬೋಧನೆ ಮೊದಲಾಗುತ್ತದೆ. ಸ್ಥಳಗಳ ಪಟ್ಟಿ ಮುಗಿದು ಕವಿ ತಾಯಿಯ ಕಡೆ ತಿರುಗಿ, ಅವಳನ್ನು ಅವಳ ಗುಣಗಳಿಂದ ಕರೆಯುತ್ತಾರೆ: ಬೇರೆ ಬೇರೆ ಎಂದು ಎಣಿಸದವಳು, ಕುಲ ಕೇಳದವಳು, ಮತ್ಸರವಿಲ್ಲದವಳು, ಲೋಕವನ್ನೇ ಬಳಸುವಷ್ಟು ದೊಡ್ಡ ಎಲ್ಲೆಯ ನುಡಿಯುಳ್ಳವಳು. ಮೊದಲೆರಡು ಚರಣಗಳ ನಾಡನ್ನು ನಾವು ಬಿಟ್ಟು ಬಂದವರು; ಜೋಗವಾಗಲಿ ತುಂಗೆಯಾಗಲಿ ಕಲ್ಯಾಣ ಸ್ಟೇಷನ್ನಿನ ಈಚೆಗೆ ಬರುವುದಿಲ್ಲ. ಮುಂಬಯಿಯಲ್ಲಿರುವ ಕನ್ನಡಿಗನಿಗೆ ಆ ಗೀತೆಯಲ್ಲಿ ಜಾಗವಿರುವುದು ಮೂರನೆಯ ಚರಣದಲ್ಲಿ. ಕೀಬೋರ್ಡಿನ ಪೀಠಿಕೆಯನ್ನು ಉಳಿಸಿಕೊಂಡು ನಮ್ಮ ಮನೆಯ ವಿಳಾಸವನ್ನೇ ನಾವು ಕತ್ತರಿಸಿಹಾಕಿದ್ದೆವು.

ಇನ್ನೊಂದು ಮಾತು. ಮಗಳನ್ನು ಕರೆದು ಮೊದಲ ಚರಣ ಹೇಳಿಸಿ, ಸಹ್ಯಾದ್ರಿಯ ವರ್ಣನೆಯಲ್ಲಿ ಬರುವ ‘ಅದಿರು’ ಎಂದರೇನೆಂದು ಕೇಳಿದೆವು. ಅಂಥ ಪದವೇ ಹಾಡಿನಲ್ಲಿಲ್ಲ ಎಂದಳು. ಹಿಂದಿನ ಪದದೊಡನೆ ಸಂಧಿಯಾಗಿ ಕೂಡಿರುವ ಅದನ್ನು ನಾಗರಿಯಲ್ಲಿ ನಾವು ಬರೆದಂತೆಯೇ ಅವಳು ನುಂಗಿದ್ದಳು. ನಿಸಾರರು ಭೂವಿಜ್ಞಾನದ ಎಂ.ಎಸ್ಸಿ.; ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಕೆಲಸ ಮಾಡಿ, ಅನಂತರ ಅದೇ ಶಾಸ್ತ್ರದ ಅಧ್ಯಾಪಕರಾದವರು. ಸಹ್ಯಾದ್ರಿಯ ಶಿಖರದಲ್ಲಿ ಹಸಿರನ್ನು ಕಂಡ ಕವಿಗಳು ಅನೇಕರಿದ್ದಾರೆ. ಅದಿರನ್ನು ಕಂಡವರು ಇವರು. ರಸಾಯನಶಾಸ್ತ್ರ ಓದಿದ ಅಪ್ಪ ತಾನೇ ಬರೆದುಕೊಟ್ಟ ಹಾಡಿನಲ್ಲಿ ಮಗಳಿಗೆ ಅದಿರು ಸಿಗಲಿಲ್ಲವೆಂದರೆ ತಪ್ಪು ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಪರಿಹಾರ ನಾವು ಕಂಡುಹಿಡಿದದ್ದಲ್ಲ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆಯಾದ ಮೇಲೆ ಯಾರ ರಾಗ, ಎಷ್ಟು ಹೊತ್ತು ಎಂಬ ಚರ್ಚೆ ಬಹುಕಾಲ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಇದೇ ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿತು. ಪೂರ್ಣ ಪಠ್ಯವನ್ನು ಆಲಾಪವಿಲ್ಲದೆ, ಪುನರಾವರ್ತನೆಯಿಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆಜ್ಞೆ ಮಾಡಿತು. 2024ರ ಏಪ್ರಿಲಿನಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಧಾಟಿಯ ಆಯ್ಕೆಯ ಬಗ್ಗೆ ಭಿನ್ನಾಭಿಪ್ರಾಯಗಳಿರಬಹುದು, ಸಿ. ಅಶ್ವತ್ಥರ ಅಭಿಮಾನಿಗಳು ನಮ್ಮ ಗುಂಪಿನಲ್ಲೂ ಇದ್ದಾರೆ. ಆದರೆ ಆಜ್ಞೆಯ ಹಿಂದಿನ ವಿವೇಕ ಒಪ್ಪತಕ್ಕದ್ದು: ಹೊತ್ತು ಸಾಲದಿದ್ದರೆ ಆಲಾಪ ಬಿಡಿ, ಮರುಪಲ್ಲವಿ ಬಿಡಿ, ಕವಿಯ ಮಾತನ್ನು ಬಿಡಬೇಡಿ.

ನಮ್ಮ ಸಂಘ ಸಂಸ್ಥೆಗಳ ಸ್ಪರ್ಧೆಗಳಿಗೂ ಇದೇ ನಿಯಮ ಸಾಕು. ವಾದ್ಯಗಳಲ್ಲಿ ಒಂದು ಹಾರ್ಮೋನಿಯಂ ಇರಲಿ, ಒಂದು ತಬಲಾ ಇರಲಿ. ಚರಣಗಳು ಪೂರ್ತಿ ಬರಲಿ. ಹಾಡಿದ ಮಗುವನ್ನು ತೀರ್ಪುಗಾರರು ಒಂದು ಪದದ ಅರ್ಥ ಕೇಳಲಿ. ಅಂಕ ಕಳೆಯುವುದಕ್ಕಲ್ಲ, ಮನೆಯಲ್ಲಿ ಆ ಪದದ ಮಾತು ಒಮ್ಮೆಯಾದರೂ ಬರಲಿ ಎಂಬುದಕ್ಕೆ. ಹಾಡನ್ನು ಕನ್ನಡ ಲಿಪಿಯಲ್ಲೇ ಬರೆದುಕೊಟ್ಟರೆ ಇನ್ನೂ ಲೇಸು. ಅದಕ್ಕೆ ಮೊದಲು ಅಪ್ಪ ಅಮ್ಮಂದಿರು ಸಂಜೆ ಅರ್ಧ ಗಂಟೆ ಕೊಡಬೇಕಾಗುತ್ತದೆ.

ನಾವು ಈಗ ಆ ಅರ್ಧ ಗಂಟೆ ಕೊಡುತ್ತಿದ್ದೇವೆ. ಮಗಳು ಒತ್ತಕ್ಷರಗಳ ಹತ್ತಿರ ಎಡವುತ್ತಾಳೆ, ಸಿಟ್ಟೂ ಮಾಡುತ್ತಾಳೆ. ಮೊದಲ ಚರಣ ಮುಗಿದಿದೆ. ಅದಿರಿಗೆ ಅವಳೇ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದಾಳೆ. ಮೂರನೆಯ ಚರಣಕ್ಕೆ ಬರಲು ಇನ್ನೂ ಕೆಲವು ವಾರ ಬೇಕಾದೀತು. ಮುಲುಂದದ ಮುಂದಿನ ಕೂಟದಲ್ಲಿ ಮತ್ತೆ ಮತ ಹಾಕಿಸಿದರೆ ನಾವು ಕುರಿಗಳನ್ನು ಬಿಟ್ಟು ಆರನೆಯವರಾಗಿ ಶೀರ್ಷಿಕೆಯ ಹಾಡಿಗೇ ಮತ ಕೊಡಲು ಸಿದ್ಧರಿದ್ದೇವೆ, ಪೂರ್ತಿ ಹಾಡುವುದಾದರೆ.