‘ಬ್ಯಾರಟ್ರಿ’ ಶಬ್ದದ ಅರ್ಥವಿವೇಚನೆ

ಪಾಶ್ಚಾತ್ಯ ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ‘ಬ್ಯಾರಟ್ರಿ’ ಎಂಬುದರಂತೆ ಪರಸ್ಪರ ದೂರವಾದ ಅರ್ಥಗಳನ್ನು ತಳೆದ ಶಬ್ದಗಳು ವಿರಳ. ಇದನ್ನು ಕನ್ನಡದಲ್ಲಿ ‘ವಂಚನೆ’ ಎಂಬ ಒಂದೇ ಮಾತಿನಿಂದ ತಿಳಿಸಿಬಿಡುವುದು ಸುಲಭ. ಅದು ಯುಕ್ತವೆ ಎಂಬುದು ವಿಚಾರಾರ್ಹವಾಗಿದೆ.

ಶಬ್ದದ ಮೂಲವು ಪ್ರಾಚೀನ ಫ್ರೆಂಚಿನ ‘ಬರಾತ್’ ಎಂಬುದು. ಅದಕ್ಕೆ ಕಪಟವೆಂಬ ಅರ್ಥವೂ ಕಲಹವೆಂಬ ಅರ್ಥವೂ ಉಂಟು. ಮುಂದಿನ ಅರ್ಥಗಳೆಲ್ಲವೂ ಈ ಎರಡು ಕವಲುಗಳಲ್ಲಿ ಬೆಳೆದಿವೆ.

ಮೊದಲನೆಯ ಕವಲಿನಲ್ಲಿ ಕಪಟವು ವಿಶ್ವಾಸದ್ರೋಹವಾಗಿ ಪರಿಣಮಿಸಿದೆ. ಇಟಲಿಯಲ್ಲಿ ಅಧಿಕಾರವನ್ನು ಹಣಕ್ಕೆ ಮಾರುವುದೇ ‘ಬರತ್ತೇರಿಯ’. 1302ರಲ್ಲಿ ಫ್ಲಾರೆನ್ಸ್ ನಗರವು ಡಾಂಟೆ ಕವಿಯ ಮೇಲೆ ಹೊರಿಸಿದ ಅಪರಾಧಗಳಲ್ಲಿ ಇದೂ ಒಂದು. ಆ ಕವಿಯೇ ತನ್ನ ನರಕವರ್ಣನೆಯಲ್ಲಿ ಇಂತಹ ಅಪರಾಧಿಗಳನ್ನು ಕುದಿಯುವ ರಾಳದಲ್ಲಿ ಮುಳುಗಿಸಿದ್ದಾನೆ. ಸ್ಕಾಟ್ಲೆಂಡಿನಲ್ಲಿ ಲಂಚ ಪಡೆದು ತೀರ್ಪು ಕೊಡುವ ನ್ಯಾಯಾಧೀಶನ ಅಪರಾಧಕ್ಕೆ ಈ ಹೆಸರು ಸಂದಿತು. ನೌಕಾವಿಮೆಯಲ್ಲಾದರೋ, ಹಡಗಿನ ಕಪ್ತಾನನಾಗಲಿ ಸಿಬ್ಬಂದಿಯಾಗಲಿ ಬುದ್ಧಿಪೂರ್ವಕವಾಗಿ ಒಡೆಯನಿಗೆ ಹಾನಿಯಾಗುವಂತೆ ಎಸಗಿದ ಅಕೃತ್ಯವೇ ಬ್ಯಾರಟ್ರಿ. ಇಂಗ್ಲೆಂಡಿನ 1906ರ ಶಾಸನವೂ ಭಾರತದ 1963ರ ಶಾಸನವೂ ಇದನ್ನೇ ಹೇಳುತ್ತವೆ.

ಎರಡನೆಯ ಕವಲು ಇಂಗ್ಲೆಂಡಿನ ಅಪರಾಧವಿಧಿಯಲ್ಲಿ ಕಾಣುತ್ತದೆ. ಅಲ್ಲಿ ‘ಬ್ಯಾರೇಟರ್’ ಎಂದರೆ ಜನರಲ್ಲಿ ಜಗಳಗಳನ್ನೂ ದಾವೆಗಳನ್ನೂ ಕೆರಳಿಸುವುದನ್ನೇ ಚಾಳಿಯಾಗಿಸಿಕೊಂಡವನು. ಒಂದು ಸಲದ ಕೃತ್ಯದಿಂದ ಈ ಅಪರಾಧವು ಸಿದ್ಧಿಸುತ್ತಿರಲಿಲ್ಲ. 1967ರ ಶಾಸನವು ಇದನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು.

ಈಗ ‘ವಂಚನೆ’ಯ ಯೋಗ್ಯತೆಯನ್ನು ಪರೀಕ್ಷಿಸಬಹುದು. ವಿಮೆಯ ಹಣದಾಸೆಯಿಂದ ಒಡೆಯನೇ ಹಡಗನ್ನು ಮುಳುಗಿಸಿದರೆ ಅದು ನಿಸ್ಸಂದೇಹವಾಗಿ ವಂಚನೆ. ಆದರೆ ಬ್ಯಾರಟ್ರಿಯಲ್ಲ, ಏಕೆಂದರೆ ದ್ರೋಹಕ್ಕೊಳಗಾದ ಒಡೆಯನು ಅಲ್ಲಿಲ್ಲ. ಹಾಗೆಂದು ‘ದಾವೆಗೆ ನೆರವಾಗುವುದು’ ಎಂದರೂ ದೋಷ ತಪ್ಪದು. ಬಡವನ ನ್ಯಾಯವಾದ ಹಕ್ಕಿಗೆ ಹಣ ಒದಗಿಸಿದವನೂ ಆ ಮಾತಿನೊಳಗೆ ಸಿಕ್ಕಿಬೀಳುತ್ತಾನೆ. ಪರರ ದಾವೆಗೆ ಹಣ ಹೂಡುವುದನ್ನು ನಿಷೇಧಿಸಿದ ಆಂಗ್ಲೇಯ ವಿಧಿಗಳು ಭಾರತಕ್ಕೆ ಅನ್ವಯಿಸವೆಂದು ಪ್ರಿವಿ ಕೌನ್ಸಿಲ್ 1876ರಲ್ಲಿಯೇ ನಿರ್ಣಯಿಸಿದುದು ಇಲ್ಲಿ ಸ್ಮರಣೀಯ. ನೆರವು ಬೇರೆ, ಕೆರಳಿಸುವಿಕೆ ಬೇರೆ.

ಸಂಸ್ಕೃತದ ‘ವ್ಯಾಜ’ಕ್ಕೆ ಕಪಟವೆಂದೂ ಕನ್ನಡದ ‘ವ್ಯಾಜ್ಯ’ಕ್ಕೆ ದಾವೆಯೆಂದೂ ಅರ್ಥವಿರುವುದರಿಂದ, ‘ವ್ಯಾಜ್ಯ’ವೊಂದೇ ಎರಡು ಕವಲುಗಳನ್ನೂ ಹಿಡಿದೀತೆಂಬ ಆಸೆ ಕೆಲವರಿಗೆ ಹುಟ್ಟಬಹುದು. ಆದರೆ ಬಳಕೆಯಲ್ಲಿ ಅದು ನಿರ್ದೋಷವಾದ ಶಬ್ದ. ನಿಜವಾದ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವನೂ ವ್ಯಾಜ್ಯಗಾರನೇ.

ಆದುದರಿಂದ ಏಕಪದದ ಮೋಹವನ್ನು ಬಿಡುವುದೇ ಲೇಸು. ಕಡಲಿನ ಅರ್ಥಕ್ಕೆ ‘ನಾವಿಕದ್ರೋಹ’, ಅಧಿಕಾರದ ಅರ್ಥಕ್ಕೆ ‘ಪದವಿವಿಕ್ರಯ’, ನ್ಯಾಯಾಲಯದ ಅರ್ಥಕ್ಕೆ ‘ವ್ಯಾಜ್ಯಪ್ರಚೋದನೆ’ ಎಂದು ವಿಂಗಡಿಸಿದರೆ ಅರ್ಥವು ಕೆಡುವುದಿಲ್ಲ. ಕಾವ್ಯದಲ್ಲಿ ಶ್ಲೇಷವು ಅಲಂಕಾರವಾದೀತು. ಶಾಸನದಲ್ಲಿ ಅದರಿಂದ ನಿರಪರಾಧಿಯು ದಂಡನೆಗೆ ಗುರಿಯಾದಾನು.