ಆಟದಿಂದ ಆರಂಭವಾಗುವ ಪಾಠ

ಮಕ್ಕಳನ್ನು ಸಂಗೀತದ ತರಗತಿಗೆ ಸೇರಿಸುವ ಉತ್ಸಾಹ ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಹಾಗೆ ಸೇರಿದ ಮಗುವಿಗೆ ಸಂಗೀತದ ಮೇಲೆ ಪ್ರೀತಿ ಹುಟ್ಟಿತೇ ಎಂದು ಕೇಳುವವರು ವಿರಳ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಪಿಯಾನೋ ಕಲಿಯುವ ಅನೇಕ ಮಕ್ಕಳ ಪಾಲಿಗೆ ಸಂಗೀತವೆಂದರೆ ಲಂಡನ್ನಿನ ಸಂಸ್ಥೆಗಳು ನಡೆಸುವ ಗ್ರೇಡ್ ಪರೀಕ್ಷೆ. ಪರೀಕ್ಷೆಗೆ ಬೇಕಾದ ಕೆಲವೇ ಕೃತಿಗಳನ್ನು ತಿಂಗಳುಗಟ್ಟಲೆ ತಿದ್ದುವುದು, ಪ್ರಮಾಣಪತ್ರ ಬಂದೊಡನೆ ಮುಂದಿನ ಗ್ರೇಡಿಗೆ ಸಿದ್ಧರಾಗುವುದು. ಈ ಓಟದ ನಡುವೆ, ಹಂಗೇರಿಯ ಸಂಗೀತಕಾರ ಗ್ಯೋರ್ಗಿ ಕುರ್ಟಾಗ್ ರಚಿಸಿದ 'ಯಾಟೆಕೋಕ್' ಎಂಬ ಕೃತಿಮಾಲೆಯತ್ತ ಗಮನ ಹರಿಸುವುದು ಸೂಕ್ತವೆಂದು ನಮಗನಿಸುತ್ತದೆ. ಆ ಹೆಸರಿನ ಅರ್ಥವೇ 'ಆಟಗಳು'.

ಯುರೋಪಿನಲ್ಲಿ ಪಿಯಾನೋ ಪಾಠವು ಬಹುಕಾಲ ಬೆರಳಿನ ಕಸರತ್ತೇ ಆಗಿತ್ತು. 1814ರಲ್ಲಿ ಲೋಜಿಯರ್ ಎಂಬ ಶಿಕ್ಷಕ ಕಲಿಯುವವರ ಕೈಗಳನ್ನು ಚೌಕಟ್ಟಿನೊಳಗೆ ಹಿಡಿದಿಡುವ ಸಾಧನಕ್ಕೆ ಪೇಟೆಂಟ್ ಪಡೆದ. ಬೀಥೋವನ್‌ನ ಶಿಷ್ಯನೂ ಲಿಸ್ಟ್‌ನ ಗುರುವೂ ಆಗಿದ್ದ ಚೆರ್ನಿ ಬರೆದ ಅಭ್ಯಾಸಪಾಠಗಳಿಗೆ ಲೆಕ್ಕವಿಲ್ಲ. ಮೊದಲು ಬೆರಳು ಪಳಗಲಿ, ಸಂಗೀತ ಆಮೇಲೆ ಎಂಬ ನಂಬಿಕೆ ಇದರ ಹಿಂದಿತ್ತು. ಹಂಗೇರಿಯವನೇ ಆದ ಬಾರ್ಟೋಕ್ 1926ರಿಂದ 1939ರವರೆಗೆ ರಚಿಸಿದ 153 ಕಿರುಕೃತಿಗಳ 'ಮಿಕ್ರೊಕಾಸ್ಮೋಸ್' ಈ ಒಣಪಾಠಕ್ಕೆ ಜೀವ ತುಂಬಿತು. ಆದರೂ ಅಲ್ಲಿ ಮಗುವಿನ ಕೈ ಮೊದಲಿಗೆ ಐದು ಸ್ವರಗಳ ಮೇಲೆಯೇ ಕೂರಬೇಕು.

ಕುರ್ಟಾಗ್ ಈ ಕ್ರಮವನ್ನೇ ತಿರುವುಮುರುವು ಮಾಡಿದರು. ಶಿಕ್ಷಕಿಯೊಬ್ಬರು ಮಕ್ಕಳಿಗಾಗಿ ಕೃತಿಗಳನ್ನು ಕೇಳಿದ್ದರ ಫಲವಾಗಿ 1973ರಲ್ಲಿ ಆರಂಭವಾದ ಈ ಮಾಲೆಯ ಮೊದಲ ನಾಲ್ಕು ಸಂಪುಟಗಳು 1979ರಲ್ಲಿ ಪ್ರಕಟವಾದವು. ಪಿಯಾನೋವನ್ನು ಮೊದಲ ಬಾರಿ ಕಂಡ ಮಗು ಏನು ಮಾಡುತ್ತದೆ? ಅಂಗೈಯಿಂದ ಬಡಿಯುತ್ತದೆ, ಈ ತುದಿಯಿಂದ ಆ ತುದಿಗೆ ಕೈ ಜಾರಿಸುತ್ತದೆ. ಇತರ ಪುಸ್ತಕಗಳು ತಡೆಯುವ ಇದೇ ಚೇಷ್ಟೆಯಿಂದ ಕುರ್ಟಾಗರ ಪಾಠ ಶುರುವಾಗುತ್ತದೆ. ಅಂಗೈ, ಮುಷ್ಟಿ, ಮೊಣಕೈ ಎಲ್ಲಕ್ಕೂ ಇಲ್ಲಿ ಕೆಲಸವಿದೆ. 88 ಮನೆಗಳೂ ಮೊದಲ ದಿನದಿಂದಲೇ ಮಗುವಿಗೆ ಸೇರಿದವು. ಚೈಕೋವ್‌ಸ್ಕಿಗೆ ಅರ್ಪಿಸಿದ ಒಂದು ಕೃತಿಯಲ್ಲಿ, ಆತನ ಪ್ರಸಿದ್ಧ ಪಿಯಾನೋ ಕಾನ್ಸರ್ಟೋದ ಭಾರೀ ಆರಂಭವನ್ನು ಮಗು ಬರೀ ಅಂಗೈಗಳಿಂದ ಅನುಕರಿಸುತ್ತದೆ. ಹತ್ತು ವರ್ಷ ಕಲಿತವರಿಗೆ ದಕ್ಕುವ ಗಾಂಭೀರ್ಯದ ರುಚಿ ಮೊದಲ ವಾರದಲ್ಲೇ ಸಿಗುತ್ತದೆ. ನಗುವೂ ಬರುತ್ತದೆ.

ಇದು ಶಿಸ್ತಿಲ್ಲದ ಗದ್ದಲವಲ್ಲವೇ ಎಂಬ ಪ್ರಶ್ನೆ ಸಹಜ. ನಮ್ಮ ಕರ್ನಾಟಕ ಸಂಗೀತದಲ್ಲಿ ಸರಳೆ ವರಸೆ, ಜಂಟಿ ವರಸೆಗಳಿಲ್ಲದೆ ಯಾರೂ ಮುಂದೆ ಹೋಗುವುದಿಲ್ಲ ಎಂದೂ ಹೇಳಬಹುದು. ಅದು ನಿಜ. ಆದರೆ ಕುರ್ಟಾಗ್ ಶಿಸ್ತನ್ನು ಕೈಬಿಟ್ಟಿಲ್ಲ, ಅದರ ಜಾಗವನ್ನಷ್ಟೇ ಬದಲಿಸಿದ್ದಾರೆ. ಅವರ ಶಿಸ್ತು ಬೆರಳಿನದ್ದಲ್ಲ, ಕಿವಿಯದ್ದು. 'ಮನುಷ್ಯನೊಂದು ಹೂವು' ಎಂಬರ್ಥದ ಹೆಸರಿನ ಒಂದು ಕೃತಿಯಲ್ಲಿರುವುದು ಏಳೇ ಸ್ವರಗಳು. ಅದನ್ನು ಯಾವ ಮಗುವಾದರೂ ನುಡಿಸಬಲ್ಲದು. ಆದರೆ ಒಂದು ಸ್ವರ ಆರುವ ತನಕ ಕೇಳಿ, ಅದರಿಂದ ಮುಂದಿನದಕ್ಕೆ ಸಾಗುವುದು ನುರಿತವರಿಗೂ ಸವಾಲು. ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯಲ್ಲಿ ಬೋಧಿಸುತ್ತಿದ್ದ ಕುರ್ಟಾಗ್ ಒಂದೆರಡು ಸ್ವರಗಳ ಮೇಲೆ ಬಹಳ ಹೊತ್ತು ನಿಲ್ಲುವ ಕಠಿಣ ಗುರುವೆಂದೇ ಹೆಸರಾದವರು. ಆಟ ಬರೆದವರೂ ಅವರೇ ಎಂಬುದರಲ್ಲಿ ವಿರೋಧಾಭಾಸವೇನಿಲ್ಲ. ಆಟವನ್ನು ಮಕ್ಕಳಷ್ಟು ಗಂಭೀರವಾಗಿ ಆಡುವವರು ಬೇರೆ ಯಾರಿದ್ದಾರೆ?

ಆದರೂ ಈ ಕೃತಿಯ ಬಗ್ಗೆ ನಮಗೆ ಎರಡು ತಕರಾರುಗಳಿವೆ. ಒಂದು, ಇದು ಶಿಕ್ಷಕರನ್ನೇ ನಂಬಿ ನಿಂತ ಪುಸ್ತಕ. ಇದರ ಸ್ವರಲಿಪಿಯ ವಿಚಿತ್ರ ಗುರುತುಗಳು ಮನೆಯಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ ದಾರಿ ತೋರುವುದಿಲ್ಲ. ಕಿವಿಯಿಲ್ಲದ ಶಿಕ್ಷಕರ ಕೈಯಲ್ಲಿ ಇದು ಬರೀ ಬಡಿತವಾಗಿಬಿಡುವ ಅಪಾಯವಿದೆ. ಇನ್ನೊಂದು, ನಂತರದ ಸಂಪುಟಗಳು ಮಕ್ಕಳಿಂದ ದೂರ ಸರಿಯುತ್ತವೆ. ಅವು ಗೆಳೆಯರಿಗೆ ಬರೆದ ಓಲೆಗಳು, ಅಗಲಿದವರ ನೆನಪುಗಳು, ಒಟ್ಟಿನಲ್ಲಿ ಸಂಗೀತಕಾರನ ದಿನಚರಿ. ಕಲಾಕೃತಿಗಳಾಗಿ ಅವು ದೊಡ್ಡವೇ. ಆದರೆ ಮೊದಲ ಸಂಪುಟದ ಅಂಗೈ ಆಟದಿಂದ ಅಲ್ಲಿಗೆ ಹೋಗಲು ಮಗುವಿಗೆ ಮೆಟ್ಟಿಲುಗಳು ಸಾಲವು. ಬಾರ್ಟೋಕ್ ಜೋಡಿಸಿದ ಹಂತಹಂತದ ಏಣಿಯ ಅಗತ್ಯ ಇಲ್ಲಿ ಅರಿವಾಗುತ್ತದೆ. ಎರಡನ್ನೂ ಜೊತೆಗಿಟ್ಟು ಕಲಿಸುವುದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಕುರ್ಟಾಗ್ ತಮ್ಮ ಪತ್ನಿ ಮಾರ್ತಾ ಜೊತೆ ಒಂದೇ ಪಿಯಾನೋದ ಮುಂದೆ ಕುಳಿತು ಈ ಆಟಗಳನ್ನು ದಶಕಗಳ ಕಾಲ ನುಡಿಸಿದರು. 2019ರಲ್ಲಿ ಮಾರ್ತಾ ತೀರಿಕೊಂಡರು. ಸಭಿಕರಿಗೆ ಬೆನ್ನು ತಿರುಗಿಸಿ, ಮೆಲುದನಿಯಲ್ಲಿ ಅವರು ನುಡಿಸಿದ್ದನ್ನು ಕೇಳಿದಾಗ ಮಕ್ಕಳ ಪಾಠವೆಂಬುದು ಮರೆತೇಹೋಗುತ್ತದೆ. ಬಾಲ್ಯದಲ್ಲಿ ಕಲಿತದ್ದು ಮುಪ್ಪಿನವರೆಗೆ ಜೊತೆಗಿರಬೇಕಾದರೆ ಅದರಲ್ಲಿ ಮೊದಲ ದಿನವೇ ಸುಖವಿರಬೇಕು. ಪರೀಕ್ಷೆಗಳು ಬೇಡವೆಂದಲ್ಲ. ಎಂಟನೇ ಗ್ರೇಡ್ ಮುಗಿಸಿದ ಮರುದಿನವೇ ಪಿಯಾನೋ ಮುಚ್ಚಿಡುವ ಮಗುವನ್ನು ನಾವು ಸಂಗೀತ ಕಲಿತವರ ಲೆಕ್ಕಕ್ಕೆ ಸೇರಿಸಬೇಕೋ, ಕಳೆದುಕೊಂಡವರ ಲೆಕ್ಕಕ್ಕೋ ಎಂಬುದನ್ನು ಪಾಲಕರೂ ಶಿಕ್ಷಕರೂ ಯೋಚಿಸಬೇಕು.